ನಮ್ಮ ಮೂಳೆ ನಿಜವಾಗ್ಲೂ ಸಣ್ಣದಾ? ಯಾರ ಜೊತೆ ಹೋಲಿಸಿದ್ರು, ಹೇಗೆ ಅಳೆದ್ರು ಅಂತ ಮೊದ್ಲು ಕೇಳಿ

ಪ್ರಶ್ನೆ: ಅಮ್ಮನಿಗೆ 64 ವರ್ಷ. ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ವಿ, ಸೊಂಟದ ಹತ್ರ ಫೀಮೊರಲ್ ನೆಕ್ ಅನ್ನೋ ಜಾಗದಲ್ಲಿ 0.546, ಟಿ-ಸ್ಕೋರ್ ಮೈನಸ್ 2.6, ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗೋ ಕಾಯಿಲೆ ಅಂತ ರಿಪೋರ್ಟ್ ಬಂದಿದೆ. ಡಾಕ್ಟ್ರು ಮಾತ್ರೆ ಬರೆದಿದ್ದಾರೆ. ಆದ್ರೆ ನಮ್ಮ ಚಿಕ್ಕಪ್ಪ ಹೇಳ್ತಾರೆ, "ಅದು ಅಮೆರಿಕದ ಬಿಳಿ ಹೆಂಗಸರ ಲೆಕ್ಕ, ನಮ್ಮವರ ಮೂಳೆನೇ ಸಣ್ಣ, ನಮಗೆ ಅದು ನಾರ್ಮಲ್ಲೇ, ಮಾತ್ರೆ ಬಿಟ್ಟುಬಿಡಿ" ಅಂತ. ಹೌದಾ ಸಾರ್? ಒಂದೊಂದು ಜನಾಂಗದ ಮೂಳೆ, ಹಾರ್ಟು, ಲಿವರ್ ಎಲ್ಲ ಬೇರೆ ಬೇರೆ ಇರುತ್ತಾ? ಇದನ್ನೆಲ್ಲ ಯಾರು ಹೇಗೆ ಅಳೀತಾರೆ?

ಉತ್ತರ:

ಮಾತ್ರೆ ಬಿಡಬೇಡಿ. ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಉತ್ತರ ಉದ್ದ ಇದೆ, ಅರ್ಧಕ್ಕೇ ಓದೋದು ನಿಲ್ಲಿಸಿ ಅಮ್ಮನ ಮಾತ್ರೆ ನಿಲ್ಲಿಸಿದ್ರೆ ಕಷ್ಟ. ಚಿಕ್ಕಪ್ಪ ಹೇಳಿದ್ದರಲ್ಲಿ ಮೊದಲರ್ಧ ಸರಿ ಇದೆ, ಆದ್ರೆ ಅದರಿಂದ ಅವರು ತಗೊಂಡ ತೀರ್ಮಾನ ಸರಿ ಇಲ್ಲ.

ಟಿ-ಸ್ಕೋರ್ ಅಂದ್ರೆ ಒಂದು ಸಣ್ಣ ಕಳೆಯೋ ಭಾಗಿಸೋ ಲೆಕ್ಕ ಅಷ್ಟೇ. ಅಮೆರಿಕದಲ್ಲಿ 1988ರಿಂದ 1994ರವರೆಗೆ ನಡೆದ ಎನ್‌ಹೇನ್ಸ್-3 ಅನ್ನೋ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 29 ವಯಸ್ಸಿನ ಬಿಳಿ ಹೆಣ್ಣುಮಕ್ಕಳ ಫೀಮೊರಲ್ ನೆಕ್ ಸರಾಸರಿ ಚದರ ಸೆಂ.ಮೀ.ಗೆ 0.858 ಗ್ರಾಂ ಬಂತು, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದ್ರೆ ಸರಾಸರಿಯಿಂದ ಆ ಕಡೆ ಈ ಕಡೆ ಹರಡಿರೋದರ ಅಳತೆ, 0.120. ಅಮ್ಮನ 0.546ರಿಂದ 0.858 ಕಳೀರಿ, 0.120ರಿಂದ ಭಾಗಿಸಿ, ಸರಿಯಾಗಿ ಮೈನಸ್ 2.6 ಬರುತ್ತೆ. ಡಬ್ಲ್ಯುಎಚ್‌ಒ 1994ರಲ್ಲಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ರೆ ಆಸ್ಟಿಯೋಪೊರೋಸಿಸ್ ಅಂತ ಗೆರೆ ಎಳೀತು, ಅಮ್ಮ ಆ ಗೆರೆಯಿಂದ ಒಂದು ಕೂದಲಷ್ಟು ಕೆಳಗೆ ಬಿದ್ದಿದ್ದಾರೆ. ಈಗ ಸುಮ್ನೆ ಒಂದು ಊಹೆಗೆ, ಬೇರೆ ಯಾವುದೋ ಗುಂಪಿನ ಸರಾಸರಿ 0.80, ಡೀವಿಯೇಶನ್ 0.11 ಅಂತ ಇಟ್ಕೊಂಡು ಅದೇ ಲೆಕ್ಕ ಮಾಡಿ, ಮೈನಸ್ 2.3 ಆಗುತ್ತೆ, ಅಂದ್ರೆ "ಆಸ್ಟಿಯೋಪೀನಿಯಾ", ಆಸ್ಟಿಯೋಪೊರೋಸಿಸ್‌ಗಿಂತ ಒಂದು ಮೆಟ್ಟಿಲು ಹಗುರ. ಅದೇ ಅಮ್ಮ, ಅದೇ ಮೂಳೆ, ರಿಪೋರ್ಟ್ ಮೇಲಿನ ಹೆಸರು ಮಾತ್ರ ಬದಲು. ಚಿಕ್ಕಪ್ಪ ಹಿಡಿದಿರೋದು ಇದನ್ನೇ. ಭಾರತದ್ದೇ ರೆಫರೆನ್ಸ್ ಇಲ್ವಾ ಅಂದ್ರೆ, ಇದೆ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2010ರಲ್ಲಿ ಒಂದು ತಂದಿದೆ. ಆದ್ರೂ ಅಂತರರಾಷ್ಟ್ರೀಯ ಶಿಫಾರಸು ಏನಂದ್ರೆ ಎಲ್ಲರಿಗೂ ಒಂದೇ ರೆಫರೆನ್ಸ್ ಬಳಸಿ ಅಂತ, ಯಾಕಂದ್ರೆ ಟಿ-ಸ್ಕೋರ್ ಇಷ್ಟಿದ್ರೆ ಮೂಳೆ ಮುರಿಯೋ ಅಪಾಯ ಇಷ್ಟು ಅನ್ನೋ ಲೆಕ್ಕ ಎಲ್ಲ ಆ ಒಂದೇ ಅಳತೆಕೋಲಿಗೆ ಕಟ್ಟಿಕೊಂಡಿದೆ, ಊರೂರಿಗೆ ಕೋಲು ಬದಲಿಸಿದ್ರೆ ಆ ಲೆಕ್ಕ ಎಲ್ಲ ಮತ್ತೆ ಮೊದಲಿಂದ ಮಾಡ್ಬೇಕು.

ಇದರ ಜೊತೆಗೆ ಇನ್ನೊಂದು ವಿಷಯ ಇದೆ, ನನ್ನ ಪ್ರಕಾರ ಇದೇ ದೊಡ್ಡದು, ಆದ್ರೆ ಇದರ ಬಗ್ಗೆ ಯಾರೂ ಮಾತಾಡಲ್ಲ. ಆ ಅಳತೆ "ಚದರ" ಸೆಂ.ಮೀ.ಗೆ ಗ್ರಾಂ ಅಂತ ಇದೆ ನೋಡಿ, ಘನ ಸೆಂ.ಮೀ. ಅಲ್ಲ. ಡೆಕ್ಸಾ ಮೆಶಿನ್ ಮೂಳೆಯ ನೆರಳನ್ನ ಮೇಲಿಂದ ನೋಡುತ್ತೆ, ದಪ್ಪ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಒಂದೇ ಕೊಪ್ಪರಿಗೆಯ ಪಾಕದಿಂದ ಎರಡು ಚೌಕದ ಬೆಲ್ಲದಚ್ಚು ಹುಯ್ದಿದ್ದೀರಿ ಅಂತ ಇಟ್ಕೊಳ್ಳಿ, ಒಂದರ ಎಲ್ಲ ಬದಿ 2 ಸೆಂ.ಮೀ., ಇನ್ನೊಂದರದು 3 ಸೆಂ.ಮೀ. ಬೆಲ್ಲದ ಗಟ್ಟಿತನ ಎರಡರಲ್ಲೂ ಒಂದೇ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಘನ ಸೆಂ.ಮೀ.ಗೆ 0.3 ಗ್ರಾಂ ಅಂದ್ಕೊಂಡ್ರೆ ಸಣ್ಣ ಅಚ್ಚಿನ ತೂಕ 2.4 ಗ್ರಾಂ, ಮೇಲಿನ ಮುಖ 4 ಚದರ ಸೆಂ.ಮೀ., ಭಾಗಿಸಿದ್ರೆ 0.6. ದೊಡ್ಡದು 8.1 ಗ್ರಾಂ, ಮುಖ 9, ಭಾಗಿಸಿದ್ರೆ 0.9. ಮೆಶಿನ್ ಪ್ರಕಾರ ಸಣ್ಣ ಅಚ್ಚು "ಟೊಳ್ಳು". ಹಂಗಾಗಿ ಗಿಡ್ಡ, ಸಣಕಲು ಮೈಕಟ್ಟಿನ ಯಾರೇ ಆಗಲಿ, ಮೈಸೂರಿನವರಾಗಲಿ ಮಿನ್ನೆಸೋಟಾದವರಾಗಲಿ, ಡೆಕ್ಸಾದಲ್ಲಿ ಸ್ವಲ್ಪ ಕಮ್ಮಿನೇ ಬರ್ತಾರೆ. ನಮ್ಮ ಹೆಂಗಸರು ಸರಾಸರಿಯಲ್ಲಿ ಎತ್ತರ ಕಮ್ಮಿ, ಆದ್ದರಿಂದ "ಭಾರತೀಯರ ಮೂಳೆ ಸಾಂದ್ರತೆ ಕಮ್ಮಿ" ಅನ್ನೋ ಮಾತಲ್ಲಿ ಒಂದು ಪಾಲು ಸಾಂದ್ರತೆನೇ ಅಲ್ಲ, ಸೈಜು.

ಹಂಗಂತ ಸಣ್ಣ ಮೂಳೆ ಅಂದ್ರೆ ಚಿಂತೆ ಇಲ್ಲ ಅಂತಾನೂ ಅಲ್ಲ, ಸಣ್ಣ ಮೂಳೆ ಕಮ್ಮಿ ಒತ್ತಡಕ್ಕೇ ಮುರಿಯುತ್ತೆ, ಆದ್ರೆ ಸಣ್ಣ ಮೈ ಬಿದ್ದಾಗ ಮೂಳೆ ಮೇಲೆ ಬೀಳೋ ಒತ್ತಡನೂ ಕಮ್ಮಿ. ಅಮೆರಿಕದಲ್ಲಿರೋ ಏಷ್ಯನ್ ಮೂಲದ ಹೆಂಗಸರ ಡೆಕ್ಸಾ ನಂಬರ್ ಬಿಳಿ ಹೆಂಗಸರಿಗಿಂತ ಕಮ್ಮಿ ಬರುತ್ತೆ, ಆದ್ರೂ ಸೊಂಟದ ಮೂಳೆ ಮುರಿತ ಅವರಲ್ಲೇ ಕಮ್ಮಿ. ನಂಬರ್ ಬೇರೆ, ಅಪಾಯ ಬೇರೆ.

ಈಗ ನಿಮ್ಮ ಎರಡನೇ ಪ್ರಶ್ನೆ, ಅಳೆಯೋದು ಹೇಗೆ. ನಾನು ಅನಾಟಮಿ ಹೇಳಿಕೊಡೋನು, ಹಂಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ತೊಡೆಮೂಳೆ, ಅಂದ್ರೆ ಫೀಮರ್, ಅದರ ಉದ್ದ ಅಳೆಯೋಕೆ ಆಸ್ಟಿಯೋಮೆಟ್ರಿಕ್ ಬೋರ್ಡ್ ಅಂತ ಒಂದು ಹಲಗೆ ಇರುತ್ತೆ. ಒಂದು ತುದಿಲಿ ನಿಂತ ಗೋಡೆ, ಇನ್ನೊಂದು ಕಡೆ ಸರಿಯೋ ಗೋಡೆ, ನಡುವೆ ಮಿ.ಮೀ. ಗೆರೆಗಳು. ಮೂಳೆ ಮಲಗಿಸಿ ಮಂಡಿ ಕಡೆ ಒಳಗಂಟು ನಿಂತ ಗೋಡೆಗೆ ತಾಗಿಸಿ, ಸರಿಯೋ ಗೋಡೆನ ಮೇಲಿನ ಗುಂಡು ತಲೆಗೆ ತಂದು ಮುಟ್ಟಿಸಿ, ಮೂಳೆನ ಸ್ವಲ್ಪ ಆ ಕಡೆ ಈ ಕಡೆ ಆಡಿಸ್ತಾ ಅತಿ ಜಾಸ್ತಿ ಎಷ್ಟು ಬರುತ್ತೋ ಅದನ್ನ ಬರ್ಕೋಬೇಕು. ಇದು ಮ್ಯಾಕ್ಸಿಮಮ್ ಲೆಂತ್. ಆದ್ರೆ ಮಂಡಿ ಕಡೆಯ ಎರಡೂ ಗಂಟು ಒಟ್ಟಿಗೆ ಗೋಡೆಗೆ ತಾಗೋ ಹಾಗೆ, ಅಂದ್ರೆ ಮನುಷ್ಯ ನಿಂತಾಗ ಮೂಳೆ ಹೇಗೆ ಓರೆಯಾಗಿ ಇರುತ್ತೋ ಹಾಗೆ ಇಟ್ಟು ಅಳೆದ್ರೆ ಕೆಲವು ಮಿ.ಮೀ. ಕಮ್ಮಿ ಬರುತ್ತೆ. ಒಂದೇ ಮೂಳೆಗೆ ಎರಡು ಉದ್ದ, ಎರಡೂ ಸರಿ. ಒಬ್ಬರು ಒಂದು ಥರ, ಇನ್ನೊಬ್ಬರು ಇನ್ನೊಂದು ಥರ ಅಳೆದು ಎರಡೂ ಟೇಬಲ್ ಪಕ್ಕ ಪಕ್ಕ ಇಟ್ರೆ ಇಲ್ಲದ "ಜನಾಂಗ ವ್ಯತ್ಯಾಸ" ಹುಟ್ಕೊಂಡುಬಿಡುತ್ತೆ. ಅದಕ್ಕೇ ಒಳ್ಳೆ ಕೆಲಸ ಮಾಡೋರು ಅದೇ ಮೂಳೆಗಳನ್ನ ಕೆಲವು ದಿನ ಬಿಟ್ಟು ಮತ್ತೆ ಅಳೀತಾರೆ, ಇನ್ನೊಬ್ಬರ ಕೈಲೂ ಅಳೆಸ್ತಾರೆ, ಎರಡರ ನಡುವಿನ ತಪ್ಪು ಎಷ್ಟು ಅಂತ ಲೆಕ್ಕ ಹಾಕಿ ಪೇಪರಲ್ಲಿ ಹಾಕ್ತಾರೆ. ಆ ಒಂದು ಸಾಲು ಇಲ್ಲದ ಪೇಪರನ್ನ ನಾನು ಅಷ್ಟಾಗಿ ನಂಬಲ್ಲ.

ಇದು ಸಣ್ಣ ವಿಷಯ ಅನ್ಕೋಬೇಡಿ. ಮಿಲ್ಡ್ರೆಡ್ ಟ್ರಾಟರ್ ಅಂತ ಅಮೆರಿಕದ ದೊಡ್ಡ ಅನಾಟಮಿಸ್ಟ್, ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಮೂಳೆ ಮತ್ತೆ ಟೆರ್ರಿ ಕಲೆಕ್ಷನ್ ಅನ್ನೋ ಅಸ್ಥಿಪಂಜರ ಸಂಗ್ರಹ ಇಟ್ಕೊಂಡು 1952ರಲ್ಲಿ ಗ್ಲೆಸರ್ ಜೊತೆ ಮೂಳೆ ಉದ್ದದಿಂದ ಆಳಿನ ಎತ್ತರ ಹೇಳೋ ಸೂತ್ರಗಳನ್ನ ಕೊಟ್ರು, ಪ್ರಪಂಚದ ಫೊರೆನ್ಸಿಕ್‌ನೋರೆಲ್ಲ ದಶಕಗಟ್ಟಲೆ ಅದನ್ನೇ ಬಳಸಿದ್ರು. 1990ರ ದಶಕದಲ್ಲಿ ರಿಚರ್ಡ್ ಜಾಂಟ್ಸ್ ಮತ್ತೆ ಜೊತೆಯವರು ಹಳೇ ಅಳತೆಗಳನ್ನ ತೆಗೆದು ನೋಡಿದ್ರೆ, ಟಿಬಿಯಾ, ಅಂದ್ರೆ ಮೊಣಕಾಲ ಕೆಳಗಿನ ದೊಡ್ಡ ಮೂಳೆ, 10ರಿಂದ 12 ಮಿ.ಮೀ. ಕಮ್ಮಿ ಇದೆ. ಪಾದದ ಗಂಟಿನ ಒಳಬದಿಗೆ ಉಬ್ಬಿಕೊಂಡಿರುತ್ತಲ್ಲ, ನಿಮ್ಮದೇ ಕಾಲು ಮುಟ್ಟಿ ನೋಡ್ಕೊಳ್ಳಿ, ಆ ಉಬ್ಬನ್ನ ಸೇರಿಸಿ ಅಳೀಬೇಕು ಅಂತ ಟ್ರಾಟರ್ ಬರೆದಿದ್ದಾರೆ, ಅಳೆಯುವಾಗ ಬಿಟ್ಟಿದ್ದಾರೆ. ಸೂತ್ರದಲ್ಲಿ ಟಿಬಿಯಾನ ಸುಮಾರು ಎರಡೂವರೆಯಿಂದ ಗುಣಿಸೋದು, ಹಂಗಾಗಿ ಪೂರ್ತಿ ಟಿಬಿಯಾ ಅಳೆದು ಆ ಸೂತ್ರಕ್ಕೆ ಹಾಕಿದವರಿಗೆಲ್ಲ ಸತ್ತವನ ಎತ್ತರ ಎರಡೂವರೆಯಿಂದ ಮೂರು ಸೆಂ.ಮೀ. ಜಾಸ್ತಿ ಬಂದಿದೆ. ಅದೇ 1952ರ ಸೂತ್ರಗಳಲ್ಲಿ 44 ಸೆಂ.ಮೀ. ಫೀಮರ್ ಹಾಕಿದ್ರೆ ಬಿಳಿ ಗಂಡಸರ ಸೂತ್ರ 166 ಸೆಂ.ಮೀ. ಅನ್ನುತ್ತೆ, ಕರಿಯರ ಸೂತ್ರ 163 ಅನ್ನುತ್ತೆ. ಅಂದ್ರೆ ಎರಡು ಗುಂಪಿನ ನಡುವಿನ ವ್ಯತ್ಯಾಸನೂ ಮೂರು ಸೆಂ.ಮೀ., ಒಂದು ಮೂಳೆ ಉಬ್ಬು ಬಿಟ್ಟಿದ್ದರಿಂದ ಆದ ತಪ್ಪೂ ಹೆಚ್ಚುಕಮ್ಮಿ ಅಷ್ಟೇ!

ಆಮೇಲೆ ಯಾರ ಮೂಳೆ ಅನ್ನೋದು. ಇಲ್ಲಿ ನಮ್ಮೋರ ಬಗ್ಗೆ ಸ್ವಲ್ಪ ಕಟುವಾಗೇ ಹೇಳ್ಬೇಕು. ನಮ್ಮ ಮೆಡಿಕಲ್ ಕಾಲೇಜುಗಳಿಂದ "ಸೌತ್ ಇಂಡಿಯನ್ ಪಾಪ್ಯುಲೇಶನ್‌ನಲ್ಲಿ ಒಣ ಫೀಮರ್‌ಗಳ ಮಾರ್ಫೊಮೆಟ್ರಿ" ಅನ್ನೋ ಥರ ಮೂಳೆಯ ಆಕಾರ, ಅಳತೆಯ ಪೇಪರ್ ರಾಶಿ ರಾಶಿ ಬರ್ತಾವೆ. ಡಿಪಾರ್ಟ್‌ಮೆಂಟ್ ಕಪಾಟಲ್ಲಿರೋ ಒಂದು ನೂರು ಮೂಳೆ ತೆಗಿ, ವರ್ನಿಯರ್ ಹಿಡಿ, ಟೇಬಲ್ ಹಾಕು. ಆ ಮೂಳೆ ಗಂಡಸಿಂದೋ ಹೆಂಗಸಿಂದೋ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ, ಎತ್ತರ ಗೊತ್ತಿಲ್ಲ, ಸಪ್ಲೈಯರ್ ಹತ್ರ ಕೊಂಡಿದ್ದಾದ್ರೆ ಆ ಮನುಷ್ಯ ದಕ್ಷಿಣದವನೇ ಅನ್ನೋಕೂ ಆಧಾರ ಇಲ್ಲ. 1985ರಲ್ಲಿ ಸರ್ಕಾರ ರಫ್ತು ನಿಲ್ಲಿಸೋವರೆಗೂ ಕಲ್ಕತ್ತಾ ಪ್ರಪಂಚಕ್ಕೆಲ್ಲ ಅಸ್ಥಿಪಂಜರ ಕಳಿಸೋ ದೊಡ್ಡ ಮಾರ್ಕೆಟ್ ಆಗಿತ್ತು, ಈಗಲೂ ಎಷ್ಟೋ ವಿದೇಶಿ ಕಾಲೇಜಿನ ಕ್ಲಾಸ್‌ರೂಮಲ್ಲಿ ನೇತಾಡ್ತಿರೋದು ಹೆಸರಿಲ್ಲದ ನಮ್ಮ ದೇಶದ ಬಡವರೇ. ಕಪಾಟು ಎಲ್ಲಿದೆ ಅನ್ನೋದು ಪಾಪ್ಯುಲೇಶನ್ ಆಗಲ್ಲ. ವಿದೇಶದ ಕಲೆಕ್ಷನ್‌ಗಳೂ ಪೂರ್ತಿ ಸಾಚಾ ಏನಲ್ಲ, ಟೆರ್ರಿ ಕಲೆಕ್ಷನ್ ಆಗಲಿ ಕ್ಲೀವ್‌ಲ್ಯಾಂಡಿನ ಹಾಮನ್-ಟಾಡ್ ಕಲೆಕ್ಷನ್ ಆಗಲಿ, ಬಹುಪಾಲು ವಾರಸುದಾರರಿಲ್ಲದ ಬಡವರ ಶವಗಳಿಂದ ಆಗಿದ್ದು, ಇಡೀ ಅಮೆರಿಕ ಅದರಲ್ಲಿ ಇಲ್ಲ. ಆದ್ರೆ ವಯಸ್ಸು, ಲಿಂಗ ಆದ್ರೂ ಬರೆದಿಟ್ಟಿದ್ದಾರೆ. ಈಗ ಆಸ್ಪತ್ರೆ ಸಿ.ಟಿ. ಸ್ಕ್ಯಾನ್‌ಗಳಿಂದ ಬದುಕಿರೋರ ಮೂಳೆ ಅಳೆಯೋದು ಬಂದಿದೆ, ನಮಗೆ ಅದೇ ಒಳ್ಳೇ ದಾರಿ.

ಒಂದು ಗುಂಪಿಗೂ ಇನ್ನೊಂದು ಗುಂಪಿಗೂ "ಎಷ್ಟು ದೂರ" ಅಂತ ಅಳೆಯೋ ಗಣಿತ ಹುಟ್ಟಿದ್ದು ನಮ್ಮ ದೇಶದಲ್ಲೇ ಅಂದ್ರೆ ನಂಬ್ತೀರಾ? ಬ್ರಿಟಿಷ್ ಅಧಿಕಾರಿ ರಿಸ್ಲೀ ಅನ್ನೋನು 1901ರ ಜನಗಣತಿ ಕಾಲದಲ್ಲಿ ಮೂಗಿನ ಅಗಲ ಭಾಗಿಸು ಎತ್ತರ ಅಂತ ಒಂದೇ ನಂಬರ್ ಹಿಡ್ಕೊಂಡು ಜಾತಿ ಮೇಲೋ ಕೆಳಗೋ ಅಂತ ಮೂಗಿಂದಲೇ ಹೇಳಬಹುದು ಅಂತ ಹೊರಟಿದ್ದ. ಆಮೇಲೆ 1920ರಲ್ಲಿ ನಾಗ್ಪುರದ ಸೈನ್ಸ್ ಕಾಂಗ್ರೆಸ್‌ನಲ್ಲಿ ಝೂಲಾಜಿಕಲ್ ಸರ್ವೇ ಡೈರೆಕ್ಟರ್ ಆನಂಡೇಲ್, ಕಲ್ಕತ್ತಾದ ಆಂಗ್ಲೋ-ಇಂಡಿಯನ್ನರ ಅಳತೆಗಳಿದಾವೆ, ಏನಾದ್ರೂ ಲೆಕ್ಕ ಮಾಡ್ತೀರಾ ಅಂತ ಮುಂದೆ ದೊಡ್ಡ ಸಂಖ್ಯಾಶಾಸ್ತ್ರಜ್ಞರಾದ ಪ್ರಶಾಂತ ಚಂದ್ರ ಮಹಾಲನೋಬಿಸ್‌ರನ್ನ ಕೇಳಿದ್ರು. ಅಲ್ಲಿಂದ ಶುರುವಾಗಿ 1936ರಲ್ಲಿ ಡಿ-ಸ್ಕ್ವೇರ್ ಬಂತು, ಇವತ್ತು ಮಹಾಲನೋಬಿಸ್ ಡಿಸ್ಟೆನ್ಸ್ ಅಂತ ಡೇಟಾ ಸೈನ್ಸ್ ಹುಡುಗರೆಲ್ಲ ಬಳಸೋದು ಇದನ್ನೇ. ನಡುವೆ 1933ರಲ್ಲಿ ರಿಸ್ಲೀಯ ಬಂಗಾಳದ ಅಳತೆಗಳನ್ನೂ ಮತ್ತೆ ತೆಗೆದು ಪರಿಷ್ಕರಿಸಿದ್ರು. ಡಿ-ಸ್ಕ್ವೇರ್‌ನ ಒಳಗಿನ ವಿಚಾರ ಸರಳ. ಉದ್ದ ಕಾಲಿನವನಿಗೆ ಉದ್ದ ಕೈನೂ ಇರುತ್ತೆ, ಕಾಲಿಗೊಂದ್ಸಲ ಕೈಗೊಂದ್ಸಲ ವ್ಯತ್ಯಾಸ ಎಣಿಸಿದ್ರೆ ಒಂದೇ ವಿಷಯನ ಎರಡು ಸಲ ಎಣಿಸಿದಂಗೆ. ಅದನ್ನ ಕಳೆದು, ಗುಂಪಿನ ಒಳಗೇ ಎಷ್ಟು ಏರುಪೇರು ಇದೆ ಅನ್ನೋದಕ್ಕೆ ಹೋಲಿಸಿ ಆಮೇಲೆ ದೂರ ಹೇಳೋದು.

ಈ ಕೆಲಸನ ಮುಂದಕ್ಕೆ ತಗೊಂಡು ಹೋದೋರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಅವರನ್ನ ಗಣಿತದೋರು ಅಂತ ಮಾತ್ರ ನಮ್ಮ ಜನ ನೆನೀತಾರೆ, ಅದೂ ನೆನೆದ್ರೆ. 1946ರಲ್ಲಿ ಕೇಂಬ್ರಿಡ್ಜ್‌ಗೆ ಹೋದಾಗ ಅವರಿಗೆ ಅಲ್ಲಿನ ಮ್ಯೂಸಿಯಂನಲ್ಲಿ ಸಿಕ್ಕ ಕೆಲಸ ಏನು ಗೊತ್ತಾ, ಸುಡಾನ್‌ನ ಜೆಬೆಲ್ ಮೋಯಾದಲ್ಲಿ ಔಷಧ ಕಂಪನಿ ಒಡೆಯ ಹೆನ್ರಿ ವೆಲ್‌ಕಮ್ 1910ರಿಂದ 1914ರವರೆಗೆ ಅಗೆಸಿ ತಂದ ಅಸ್ಥಿಗಳ ಅಳತೆ ನೋಡೋದು. ಎಷ್ಟೋ ಮುರಿದವು, ಒಂದರಲ್ಲಿ ದವಡೆ ಇಲ್ಲ, ಇನ್ನೊಂದರಲ್ಲಿ ಇನ್ನೇನೋ ಇಲ್ಲ, ಇಂಥಾ ಅರೆಬರೆ ಅಳತೆಗಳಿಂದ ಆ ಜನ ಯಾರಿಗೆ ಹತ್ರ ಅಂತ ಹೇಳ್ಬೇಕು. ಮುಖರ್ಜಿ ಮತ್ತೆ ಟ್ರೆವರ್ ಜೊತೆ ಅವರ ಆ ವರದಿ 1955ರಲ್ಲಿ ಪುಸ್ತಕವಾಗಿ ಬಂತು. ಹಲವು ಅಳತೆ ಒಟ್ಟಿಗೆ ಬಳಸೋ ವಿಧಾನಗಳ ಬಗ್ಗೆ ರಾವ್ ಆ ವರ್ಷಗಳಲ್ಲಿ ಬರೆದಿದ್ದರ ಹಿಂದೆ ಈ ಮೂಳೆಗಳೂ ಇದಾವೆ.

ಹಂಗಾದ್ರೆ ಜನಾಂಗ ಅನ್ನೋದು ಮೂಳೆಲಿ ಇದೆಯಾ ಇಲ್ವಾ. ಅಡ್ಡಗೋಡೆ ಮೇಲೆ ದೀಪ ಇಡ್ದೆ ಹೇಳ್ತೀನಿ: ಗುಂಪುಗಳ ಸರಾಸರಿಗಳಲ್ಲಿ ವ್ಯತ್ಯಾಸ ಇದೆ, ಆದ್ರೆ ಒಂದು ಗುಂಪಿನ ಒಳಗಿನ ಏರುಪೇರು ಅದಕ್ಕಿಂತ ತುಂಬಾ ದೊಡ್ಡದು. ಅಮೆರಿಕದ ಜೆನೆಟಿಕ್ಸ್ ವಿಜ್ಞಾನಿ ಲೆವೊಂಟಿನ್ 1972ರಲ್ಲಿ ರಕ್ತದ ಗುಂಪು, ಪ್ರೋಟೀನ್ ನೋಡಿ ಒಟ್ಟು ವೈವಿಧ್ಯದಲ್ಲಿ ಸುಮಾರು 85% ಒಂದೇ ಜನಸಮುದಾಯದ ಒಳಗೇ ಇದೆ ಅಂದ್ರು. ವಿಲಿಯಂ ಹವೆಲ್ಸ್ ಅನ್ನೋರು ಪ್ರಪಂಚದ 28 ಗುಂಪುಗಳ ಎರಡೂವರೆ ಸಾವಿರ ತಲೆಬುರುಡೆಗಳನ್ನ ತಾವೇ ಕೂತು ಅಳೆದಿದ್ರು, ಎಲ್ಲದಕ್ಕೂ ಒಂದೇ ಕೈ, ಆ ಕಾರಣಕ್ಕೇ ಅದು ಚಿನ್ನದಂಥ ಡೇಟಾ. ಅಂಥ ಬುರುಡೆ ಅಳತೆಗಳಲ್ಲೂ ಮಾನವಶಾಸ್ತ್ರಜ್ಞ ರೆಲೆತ್‌ಫರ್ಡ್ 1994ರಲ್ಲಿ ಲೆಕ್ಕ ಹಾಕಿದಾಗ ಹೆಚ್ಚುಕಮ್ಮಿ ಅಷ್ಟೇ ಬಂತು. ಸರಾಸರಿನೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದೋರು ಸರಾಸರಿ 20 ಸೆಂ.ಮೀ. ಎತ್ತರ. ವಂಶ ಅದೇ, ಊಟ, ಆರೋಗ್ಯ ಬೇರೆ. ಇವತ್ತಿನ ನಮ್ಮ ಹುಡುಗಿಯರ ಮೂಳೆಗೆ ಅಜ್ಜಿ ಕಾಲದ ಟೇಬಲ್ ಹಿಡಿಯೋದೂ ಒಂಥರಾ ವಿದೇಶಿ ಟೇಬಲ್ ಹಿಡಿದಂಗೇ.

ಒಂದು ನೀವೇ ಮಾಡಿ ನೋಡಬಹುದು. ಹೆಬ್ಬೆರಳ ತುದಿ ಕಿರುಬೆರಳ ತುದಿ ಸೇರಿಸಿ, ಮಣಿಕಟ್ಟು ಸ್ವಲ್ಪ ಒಳಕ್ಕೆ ಮಡಚಿ. ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ನಿಂತ್ರೆ ನಿಮಗೆ ಪಾಲ್ಮಾರಿಸ್ ಲಾಂಗಸ್ ಅನ್ನೋ ಸ್ನಾಯು ಇದೆ, ಏಳಲಿಲ್ಲ ಅಂದ್ರೆ ಬಹುಶಃ ಇಲ್ಲ, ಚಿಂತೆ ಬೇಡ, ಇಲ್ಲದಿದ್ರೂ ಏನೂ ಆಗಲ್ಲ, ಸರ್ಜನ್‌ಗಳು ಬೇರೆ ಕಡೆ ಟೆಂಡನ್ ಕಸಿ ಮಾಡೋಕೆ ಇದನ್ನೇ ಕಿತ್ಕೋತಾರೆ. ಹಳೇ ಯುರೋಪಿಯನ್ ಟೆಕ್ಸ್ಟ್‌ಬುಕ್‌ಗಳು ಸುಮಾರು 15% ಜನಕ್ಕೆ ಇರಲ್ಲ ಅನ್ನುತ್ವೆ, ಪೂರ್ವ ಏಷ್ಯಾದ ಅಧ್ಯಯನಗಳಲ್ಲಿ ಅದಕ್ಕಿಂತ ತುಂಬಾ ಕಮ್ಮಿ. ಇದು ನಿಜವಾದ ವ್ಯತ್ಯಾಸನೇ, ಆದ್ರೆ ಮನೇಲಿ ಎಲ್ಲರ ಕೈ ನೋಡಿ, ಒಬ್ಬರಿಗೆ ಒಂದೇ ಕೈಯಲ್ಲಿ ಇರೋದೂ ಉಂಟು. ಒಬ್ಬನ ಕೈ ನೋಡಿ ಅವನ ದೇಶ ಹೇಳೋಕಾಗಲ್ಲ.

ಅಂಗಾಂಗಗಳಿಗೂ ಇದೇ ಕಥೆ. "ಭಾರತೀಯರ ಹಾರ್ಟಿನ ರಕ್ತನಾಳ ಸಣ್ಣ, ಅದಕ್ಕೇ ಅಟ್ಯಾಕ್" ಅಂತ ವಾಟ್ಸಾಪಲ್ಲಿ ಬಂದಿರುತ್ತೆ ನಿಮಗೂ. ಆಂಜಿಯೋಗ್ರಾಮಲ್ಲಿ ಅಳೆದ್ರೆ ಸಣ್ಣ ಬರೋದು ಹೌದು, ಆದ್ರೆ ಬಾಡಿ ಸರ್ಫೇಸ್ ಏರಿಯಾಗೆ, ಅಂದ್ರೆ ಮೈ ಹೊರಭಾಗದ ಒಟ್ಟು ವಿಸ್ತೀರ್ಣಕ್ಕೆ ಹೊಂದಿಸಿ ಲೆಕ್ಕ ಹಾಕಿದ ಹಲವು ಅಧ್ಯಯನಗಳಲ್ಲಿ ಆ ವ್ಯತ್ಯಾಸ ಬಹುಪಾಲು ಕರಗಿಹೋಯ್ತು. ಸ್ಟೆಂಟ್ ಹಾಕೋ ಡಾಕ್ಟ್ರಿಗೆ ನಾಳದ ನಿಜವಾದ ಅಗಲ ಮುಖ್ಯ, ಸರಿ, ಆದ್ರೆ ಅದಕ್ಕೆ ಜನಾಂಗದ ಕಾರಣ ಹುಡುಕಬೇಕಾಗಿಲ್ಲ.

ಲಿವರ್‌ದು ಇನ್ನೂ ಮಜಾ. ಕಸಿ ಮಾಡುವಾಗ ಈ ರೋಗಿಗೆ ಎಷ್ಟು ಮಿ.ಲೀ. ಲಿವರ್ ಬೇಕು ಅಂತ ಅಂದಾಜು ಮಾಡೋಕೆ 1995ರಲ್ಲಿ ಜಪಾನಿನ ಉರಾಟಾ ಒಂದು ಸೂತ್ರ ಕೊಟ್ರು, ಬಾಡಿ ಸರ್ಫೇಸ್ ಏರಿಯಾನ 706.2ರಿಂದ ಗುಣಿಸಿ 2.4 ಕೂಡಿಸೋದು. 2002ರಲ್ಲಿ ಪಾಶ್ಚಾತ್ಯ ರೋಗಿಗಳನ್ನ ನೋಡಿ ವೋತೆ ಇನ್ನೊಂದು ಕೊಟ್ರು, 1267.28ರಿಂದ ಗುಣಿಸಿ 794.41 ಕಳೆಯೋದು. 1.9 ಚದರ ಮೀಟರ್ ಇರೋ ದಪ್ಪ ಆಳಿಗೆ ಮೊದಲನೇದು 1,344 ಅನ್ನುತ್ತೆ, ಎರಡನೇದು 1,613. ಸುಮಾರು 270 ಮಿ.ಲೀ. ಫರಕ್ಕು! ಓಹೋ ಬಿಳಿಯರ ಲಿವರ್ ದೊಡ್ಡದು ಅಂದ್ಬಿಡಬಹುದು. ಆದ್ರೆ 1.42 ಹಾಕಿ ನೋಡಿ, ಎರಡೂ ಸೂತ್ರ ಒಂದೇ ಉತ್ತರ ಕೊಡುತ್ವೆ, ಅದಕ್ಕಿಂತ ಸಣ್ಣ ಮೈಗೆ ಪಾಶ್ಚಾತ್ಯ ಸೂತ್ರನೇ ಕಮ್ಮಿ ಹೇಳುತ್ತೆ. ಒಂದು ಗುಂಪಿನಿಂದ ಮಾಡಿದ ಗೆರೆನ ಆ ಗುಂಪಲ್ಲಿ ಅಪರೂಪವಾದ ಸೈಜಿನವರೆಗೂ ಎಳೆದ್ರೆ ಹೀಗೆ ದಾರಿ ತಪ್ಪುತ್ತೆ. ಬೆಂಗಳೂರಲ್ಲಿ ಸರ್ಜರಿ ಆಗೋ ಆಳಿಗೆ ಯಾವ ಸೂತ್ರ ಅಂತ ಜಗಳ ಆಡೋಕಿಂತ ಸಿ.ಟಿ.ಯಲ್ಲಿ ದಾನಿಯ ಲಿವರ್ ನೇರ ಅಳೆಯೋದೇ ವಾಸಿ, ಅದನ್ನೇ ಮಾಡ್ತಾರೆ ಕೂಡ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅಂತ ಹೇಳೋ ಇಜಿಎಫ್‌ಆರ್ ಲೆಕ್ಕದಲ್ಲೂ ಅಮೆರಿಕದಲ್ಲಿ ಕರಿಯರಿಗೆ 1.159ರಿಂದ ಗುಣಿಸೋ ಪದ್ಧತಿ ಇತ್ತು, 2021ರಲ್ಲಿ ಅದನ್ನ ತೆಗೆದುಹಾಕಿದ್ರು.

ಈಗ ಅಮ್ಮನ ವಿಷಯ. ಮೈನಸ್ 2.6 ಗೆರೆಗೆ ತುಂಬಾ ಹತ್ರ ಇರೋದ್ರಿಂದ ಬರೀ ಆ ನಂಬರ್ ಮೇಲಷ್ಟೇ ನೋಡೋದು ಸಾಲದು, ನಿಮ್ಮ ಡಾಕ್ಟ್ರೂ ಅಷ್ಟೇ ನೋಡಿರಲಿಕ್ಕಿಲ್ಲ. ಹಿಂದೆ ಸಣ್ಣಗೆ ಬಿದ್ದು ಮಣಿಕಟ್ಟೋ ಬೆನ್ನುಮೂಳೆನೋ ಮುರಿದಿತ್ತಾ, ಅಮ್ಮನ ತಂದೆತಾಯಿಗೆ ಸೊಂಟ ಮುರಿದಿತ್ತಾ, ಸ್ಟಿರಾಯ್ಡ್ ಮಾತ್ರೆ ತಗೋತಿದ್ರಾ, ವಿಟಮಿನ್ ಡಿ, ಥೈರಾಯ್ಡ್ ಹೇಗಿದೆ, ಮುಟ್ಟು ಯಾವಾಗ ನಿಂತಿತು, ಇದೆಲ್ಲ ಸೇರಿಸಿ ನೋಡ್ಬೇಕು. ಫ್ರಾಕ್ಸ್ ಅಂತ ಹತ್ತು ವರ್ಷದಲ್ಲಿ ಮೂಳೆ ಮುರಿಯೋ ಸಾಧ್ಯತೆ ಹೇಳೋ ಲೆಕ್ಕ ಇದೆ, ಅದರಲ್ಲಿ ಭಾರತದ ಮಾಡೆಲ್ ಬೇರೆನೇ ಇದೆ, ಅದನ್ನ ಹಾಕಿ ನೋಡಿದ್ರಾ ಅಂತ ಡಾಕ್ಟ್ರನ್ನ ಕೇಳಿ, ಧಾರಾಳವಾಗಿ ಕೇಳಬಹುದು. ಬೆನ್ನಿನ ನಂಬರ್ ಸೊಂಟಕ್ಕಿಂತ ಚೆನ್ನಾಗಿ ಬಂದಿದ್ರೆ ಖುಷಿಪಡೋ ಮೊದ್ಲು ಕೇಳಿ, ಈ ವಯಸ್ಸಿಗೆ ಬೆನ್ನುಮೂಳೆ ಸವೆದು ಪಕ್ಕಕ್ಕೆ ಮುಳ್ಳು ಬೆಳೆದಿದ್ರೆ ಅದೂ ಸೇರಿ ನಂಬರ್ ಸುಳ್ಳೇ ಜಾಸ್ತಿ ತೋರಿಸುತ್ತೆ.

ಮುಂದಿನ ಸ್ಕ್ಯಾನ್ ಯಾವಾಗ ಅಂತ ಡಾಕ್ಟ್ರು ಹೇಳ್ತಾರೆ, ಅದನ್ನ ಅದೇ ಸೆಂಟರ್‌ನಲ್ಲಿ ಅದೇ ಮೆಶಿನ್ನಲ್ಲೇ ಮಾಡಿಸಿ, ಬೇರೆ ಕಂಪನಿ ಮೆಶಿನ್ ನಂಬರ್ ನೇರ ಹೋಲಿಸೋಕೆ ಬರಲ್ಲ. ಫೀಮೊರಲ್ ನೆಕ್‌ನಲ್ಲಿ ಒಳ್ಳೇ ಟೆಕ್ನೀಶಿಯನ್ ಕೈಲೂ ಸುಮಾರು 7% ಒಳಗಿನ ಏರಿಳಿತ ಬರೀ ಅಳತೆಯ ಅಲುಗಾಟ ಇರಬಹುದು, ಸೊಂಟದ ಪೂರ್ತಿ ಭಾಗ, ಅಂದ್ರೆ ಟೋಟಲ್ ಹಿಪ್‌ನಲ್ಲಿ 5%. ಹಂಗಾಗಿ 0.546 ಇದ್ದಿದ್ದು 0.530 ಆದ್ರೆ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಗಾಬರಿ ಬೀಳೋದು ಬೇಡ, 0.560 ಆದ್ರೆ ಮಾತ್ರೆ ಸಾಕು ಅಂತ ಚಿಕ್ಕಪ್ಪನ ಮಾತು ಕೇಳೋದೂ ಬೇಡ.